ಸೆಪ್ಸಿಸ್ ರೋಗಿಯ ಮೂತ್ರ ನಿಂತಾಗ ಎಲ್ಲಿಂದ ಹುಡುಕಬೇಕು: ಕಿಡ್ನಿಯ ಜೀವಕೋಶದಲ್ಲಿ ಕರೆಂಟ್ ಹೋಗುವ ಬಗೆ

ದೋಷ ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ಜ್ವರದ ರೋಗಿ. ಸೋಂಕು ಮೈಯೆಲ್ಲ ಹಬ್ಬಿ ಅಂಗಗಳನ್ನೇ ಕೆಡಿಸುತ್ತಿದೆ, ಅಂದರೆ ಸೆಪ್ಸಿಸ್. ಡ್ರಿಪ್ ಹೋಗಿದೆ, ಆಂಟಿಬಯೋಟಿಕ್ ಹೋಗಿದೆ, ಬಿಪಿ ಕೂಡ ಮೇಲೆ ಬಂದಿದೆ. ಆದರೂ ಮೂತ್ರದ ಚೀಲ ಖಾಲಿ. ಬಿದ್ದ ನಾಲ್ಕು ಹನಿಯೂ ಹಾಲು ಹಾಕದ ಟೀ ಬಣ್ಣದ್ದು. ಮಾರನೇ ದಿನ ರಿಪೋರ್ಟ್ ಬರುತ್ತದೆ, 1.1 ಇದ್ದ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಸ್ನಾಯುಗಳ ಕಸ) 2.9 ಆಗಿದೆ.

ಕೊಡಗಿನ ಸಣ್ಣ ಆಸ್ಪತ್ರೆಗಳಲ್ಲಿ ರಾತ್ರಿ ಡ್ಯೂಟಿ ಮಾಡುವ ಡಾಕ್ಟರು, ನರ್ಸುಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮಲ್ಲಿ ಐಸಿಯು ಹಾಸಿಗೆ ಎಣಿಸಿದಷ್ಟು. ಮಳೆಗಾಲದಲ್ಲಿ ದಾರಿಯ ಮೇಲೆ ನಂಬಿಕೆ ಇಡುವಂತಿಲ್ಲ. ಹಾಗಾಗಿ ತಪ್ಪು ಕಡೆ ಹುಡುಕಿ ಆರು ಗಂಟೆ ಕಳೆದರೆ ಅದು ದೊಡ್ಡ ನಷ್ಟ. ನಾನೇ ಒಮ್ಮೆ ಹಾಗೆ ಕಳೆದಿದ್ದೇನೆ, ಅದನ್ನೂ ಹೇಳುತ್ತೇನೆ.

ಮೊದಲು ಚಿಕ್ಕ ವಿಷಯಗಳು

ಕ್ಯಾತಿಟರ್ ಮಡಚಿಕೊಂಡಿದೆಯಾ? ಹೊಟ್ಟೆಯ ಕೆಳಗೆ ಕೈಯಿಟ್ಟು ನೋಡಿ, ಮೂತ್ರಕೋಶ ಉಬ್ಬಿದೆಯಾ? ಅಲ್ಟ್ರಾಸೌಂಡ್ ಇದ್ದರೆ ಎರಡೂ ಕಡೆ ಕಿಡ್ನಿ ಊದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಕಲ್ಲು ಅಡ್ಡ ಕೂತು ಅದರ ಹಿಂದೆ ಕೀವು ಕಟ್ಟಿದ್ದರೆ ಮುಂದಿನ ಯಾವ ಲೆಕ್ಕಾಚಾರವೂ ಬೇಡ. ಆ ಕೀವನ್ನು ಹೊರಗೆ ಬಿಡುವವರೆಗೆ ಏನೂ ಸರಿಹೋಗುವುದಿಲ್ಲ, ಕೂಡಲೇ ಯೂರಾಲಜಿಸ್ಟ್ ಇರುವ ಕಡೆ ಕಳಿಸಿ.

ಆಮೇಲೆ ತೂಕ. ಗಂಟೆಗೆ ಕೆಜಿಗೆ 0.5 ಎಂಎಲ್‌ಗಿಂತ ಕಡಿಮೆ ಮೂತ್ರ 6 ಗಂಟೆ ಮುಂದುವರಿದರೆ ಅದು ಕಿಡ್ನಿ ಪೆಟ್ಟು. ಕಿಡ್ನಿ ಚಿಕಿತ್ಸೆಗೆ ಅಂತಾರಾಷ್ಟ್ರೀಯ ಮಾರ್ಗಸೂಚಿ ಬರೆಯುವ ಕೆಡಿಗೊ ಸಂಸ್ಥೆಯ 2012ರ ಅಳತೆ ಹೇಳುವುದು ಇದನ್ನೇ. 50 ಕೆಜಿಯವರಿಗೆ ಗಂಟೆಗೆ 25 ಎಂಎಲ್. ಈ ಒಂದು ಸಂಖ್ಯೆಯನ್ನು ಚಾರ್ಟಿನ ಮೇಲೆ ದಪ್ಪಗೆ ಬರೆದಿಡಿ. ರಾತ್ರಿ ನರ್ಸ್‌ಗೆ ಯಾವಾಗ ಎಬ್ಬಿಸಬೇಕು ಅಂತ ಕೇಳುವ ಕಷ್ಟವೇ ಇರುವುದಿಲ್ಲ.

ಕ್ರಿಯಾಟಿನಿನ್ ಕಾಯುತ್ತಾ ಕೂರಬೇಡಿ. ಅದು ತಡವಾಗಿ ಏರುತ್ತದೆ. ಸೆಪ್ಸಿಸ್‌ನಲ್ಲಿ ಇನ್ನೂ ತಡ, ಯಾಕೆಂದರೆ ಸ್ನಾಯುಗಳು ಅದನ್ನು ತಯಾರಿಸುವುದೇ ಕಡಿಮೆಯಾಗುತ್ತದೆ. ಮೇಲಿಂದ ನಾವು ಹಾಕಿದ ಲೀಟರ್‌ಗಟ್ಟಲೆ ಡ್ರಿಪ್‌ನಲ್ಲಿ ಅದು ತೆಳುವೂ ಆಗುತ್ತದೆ. 1.1 ನೋಡಿ ನಿಶ್ಚಿಂತರಾದರೆ ಮೋಸ ಹೋದ ಹಾಗೆ. ಮೂತ್ರ ಗಂಟೆಗಂಟೆಗೂ ಸುದ್ದಿ ಕೊಡುತ್ತದೆ, ರಕ್ತದ ರಿಪೋರ್ಟ್ ಮಾರನೇ ದಿನ ಕೊಡುತ್ತದೆ.

ರಕ್ತ ಸಾಲುತ್ತಿಲ್ಲ ಅನ್ನುವ ಹಳೇ ಊಹೆ

ನಾವು ಕಲಿತದ್ದು ಹೀಗೆ: ಬಿಪಿ ಬಿತ್ತು, ಕಿಡ್ನಿಗೆ ರಕ್ತ ಹೋಗಲಿಲ್ಲ, ಜೀವಕೋಶ ಸತ್ತವು, ಮೂತ್ರ ನಿಂತಿತು. ಪರಿಹಾರ ಕೂಡ ಅದಕ್ಕೆ ತಕ್ಕಂತೆ, ಇನ್ನೊಂದು ಬಾಟ್ಲಿ ಹಾಕು. ಮೊದಲ ಕೆಲವು ಗಂಟೆಗಳಿಗೆ ಈ ಮಾತು ಸರಿ. ಬಿಪಿ ನಿಜವಾಗಿ ಬಿದ್ದಿದ್ದರೆ ಅದನ್ನು ಎತ್ತಲೇಬೇಕು. ಆದರೆ ಬಿಪಿ ಎದ್ದ ಮೇಲೂ ಕಿಡ್ನಿ ಏಳದಿದ್ದಾಗ ಈ ಕಥೆ ಸಾಲುವುದಿಲ್ಲ.

ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ರಿನಾಲ್ಡೊ ಬೆಲ್ಲೊಮೊ ಅವರ ತಂಡ ಕುರಿಗಳ ರಕ್ತಕ್ಕೆ ಇ. ಕೋಲೈ ಬ್ಯಾಕ್ಟೀರಿಯಾ ಹರಿಸಿ, ಕಿಡ್ನಿಯ ರಕ್ತನಾಳಕ್ಕೇ ಅಳತೆಯ ಸಾಧನ ಸುತ್ತಿ ನೋಡಿತು. 2006ರಲ್ಲಿ ಅದರ ಫಲಿತಾಂಶ ಬಂತು. ಕಿಡ್ನಿಗೆ ಹರಿಯುವ ರಕ್ತ ಕಡಿಮೆ ಆಗಿರಲಿಲ್ಲ, ಮೊದಲಿಗಿಂತ ಜಾಸ್ತಿಯೇ ಆಗಿತ್ತು. ಆದರೂ ಸೋಸುವ ಕೆಲಸ ಕುಸಿದಿತ್ತು. ಆಮೇಲೆ 2013ರಲ್ಲಿ ಅಮೆರಿಕದ ಒಂದು ತಂಡ ಸೆಪ್ಸಿಸ್‌ನಿಂದ ತೀರಿಕೊಂಡವರ ಕಿಡ್ನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅಲ್ಲಲ್ಲಿ ಪೆಟ್ಟು ಬಿಟ್ಟರೆ ಹೆಚ್ಚಿನ ಜೀವಕೋಶಗಳು ಸತ್ತೇ ಇರಲಿಲ್ಲ. ಅಂದರೆ ಇದ್ದವು, ಆದರೆ ಕೆಲಸ ಮಾಡುತ್ತಿರಲಿಲ್ಲ.

ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ನೀರು ಹಾರಿಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೆರೆಯಲ್ಲಿ ನೀರಿದೆ. ಪೈಪ್ ಎಲ್ಲೂ ಒಡೆದಿಲ್ಲ. ಆದರೆ ಅಕ್ಕಪಕ್ಕದ ತೋಟದವರೆಲ್ಲ ಒಂದೇ ಹೊತ್ತಿಗೆ ಮೋಟಾರ್ ಹಾಕಿದ್ದಾರೆ, ವೋಲ್ಟೇಜ್ ಬಿದ್ದಿದೆ. ಮೋಟಾರ್ ಗುಂಯ್ ಅನ್ನುತ್ತದೆ, ನೀರೆತ್ತುವುದಿಲ್ಲ. ಸ್ವಲ್ಪ ಹೊತ್ತಿಗೆ ಸ್ಟಾರ್ಟರ್ ಟ್ರಿಪ್ ಆಗುತ್ತದೆ. ಹಾಗೆ ಟ್ರಿಪ್ ಆದದ್ದಕ್ಕೇ ವೈಂಡಿಂಗ್ ಉಳಿಯಿತು. ಈಗ ಕೆರೆಗೆ ಇನ್ನಷ್ಟು ನೀರು ತುಂಬಿಸಿದರೆ ಸ್ಪ್ರಿಂಕ್ಲರ್ ತಿರುಗುತ್ತದಾ? ಇಲ್ಲ ಅಲ್ವಾ. ರಿಲೇ ಬೈಪಾಸ್ ಮಾಡಿ ಓಡಿಸಿದರೆ ಏನಾಗುತ್ತದೆ ಅಂತ ಒಂದು ಮೋಟಾರ್ ಸುಟ್ಟುಕೊಂಡವರಿಗೆ ಚೆನ್ನಾಗಿ ಗೊತ್ತು.

ಕರೆಂಟ್ ಎಲ್ಲಿ ಖರ್ಚಾಗುತ್ತದೆ, ಎಲ್ಲಿ ಹೋಗುತ್ತದೆ

ಎರಡೂ ಕಿಡ್ನಿ ಸೇರಿ ಮೈತೂಕದ ಶೇಕಡಾ ಅರ್ಧದಷ್ಟು ಇರಬಹುದು. ಆದರೆ ಹೃದಯ ಒತ್ತುವ ರಕ್ತದಲ್ಲಿ ಐದನೇ ಒಂದು ಪಾಲು ಅವಕ್ಕೇ ಹೋಗುತ್ತದೆ. ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಅದರಲ್ಲಿ ಶೇಕಡಾ 99ರಷ್ಟನ್ನು ವಾಪಸ್ ಎಳೆದುಕೊಂಡು, ಉಳಿದ ಒಂದೂವರೆ ಲೀಟರ್ ಮಾತ್ರ ಹೊರಗೆ ಬಿಡುತ್ತವೆ. ಸೋಸುವುದು ರಕ್ತದ ಒತ್ತಡದಿಂದ ಆಗುತ್ತದೆ, ಅದಕ್ಕೆ ಕಿಡ್ನಿಯ ಜೀವಕೋಶ ಹೆಚ್ಚು ಶ್ರಮ ಪಡಬೇಕಿಲ್ಲ. ವಾಪಸ್ ಎಳೆಯುವುದೇ ದುಡಿಮೆ. ಪ್ರತಿ ಜೀವಕೋಶದ ಗೋಡೆಯಲ್ಲೂ ಸೋಡಿಯಂ ಪಂಪ್‌ಗಳಿವೆ. ಒಂದು ಎಟಿಪಿ, ಅಂದರೆ ಜೀವಕೋಶದ ಇಂಧನದ ಒಂದು ಕಣ, ಖರ್ಚು ಮಾಡಿ 3 ಸೋಡಿಯಂ ಹೊರಗೆ ಹಾಕಿ 2 ಪೊಟ್ಯಾಸಿಯಂ ಒಳಗೆ ತೆಗೆದುಕೊಳ್ಳುತ್ತವೆ. ಕಿಡ್ನಿ ಬಳಸುವ ಆಮ್ಲಜನಕದ ದೊಡ್ಡ ಪಾಲು ಹೋಗುವುದು ಈ ಪಂಪ್ ಓಡಿಸುವುದಕ್ಕೇ.

ಸೋಸಿದ ಸೋಡಿಯಂನಲ್ಲಿ ಮೂರನೇ ಎರಡು ಭಾಗವನ್ನು ಮೊದಲ ತಿರುವಿನಲ್ಲೇ, ಅಂದರೆ ಪ್ರಾಕ್ಸಿಮಲ್ ಟ್ಯೂಬ್ಯೂಲ್‌ನಲ್ಲೇ, ಎಳೆದುಕೊಳ್ಳಲಾಗುತ್ತದೆ. ಅಲ್ಲಿನ ಜೀವಕೋಶದೊಳಗೆ ಮೈಟೊಕಾಂಡ್ರಿಯಾ, ಅಂದರೆ ಕರೆಂಟ್ ತಯಾರಿಸುವ ಪುಟ್ಟ ಘಟಕಗಳು, ಒತ್ತೊತ್ತಾಗಿ ತುಂಬಿರುತ್ತವೆ. ಇವು ಮುಖ್ಯವಾಗಿ ಕೊಬ್ಬಿನಾಮ್ಲ ಉರಿಸಿ ಎಟಿಪಿ ಮಾಡುತ್ತವೆ. ಗ್ಲೂಕೋಸ್ ಉರಿಸಿ ಬದುಕುವ ಅಭ್ಯಾಸ ಇವಕ್ಕೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಒಂದೇ ಬೆಳೆ ನಂಬಿದ ತೋಟದ ಹಾಗೆ, ಆ ಒಂದು ದಾರಿ ಕೆಟ್ಟರೆ ಕೂಡಲೇ ಕಷ್ಟಕ್ಕೆ ಬೀಳುತ್ತವೆ.

ಸೆಪ್ಸಿಸ್‌ನಲ್ಲಿ ಆ ದಾರಿಯೇ ಕೆಡುತ್ತದೆ. ಬ್ಯಾಕ್ಟೀರಿಯಾದ ಚೂರುಗಳು, ದೇಹ ತಾನೇ ಹುಟ್ಟಿಸಿದ ಉರಿಯೂತದ ಸಂಕೇತಗಳು, ಎಲ್ಲ ಸೋಸಿಕೊಂಡು ಕೊಳವೆಗೆ ಬರುತ್ತವೆ. ಮೊದಲ ತಿರುವಿನ ಜೀವಕೋಶಗಳಲ್ಲಿ ಇವನ್ನು ಹಿಡಿಯುವ ಟಿಎಲ್‌ಆರ್-4 ಅನ್ನುವ ಕೊಕ್ಕೆ ಇದೆ. ಹಿಡಿದ ಕೂಡಲೇ ಒಳಗೆ ಗಲಾಟೆ ಶುರು. ನೈಟ್ರಿಕ್ ಆಕ್ಸೈಡ್ ವಿಪರೀತ ಹುಟ್ಟಿ ಮೈಟೊಕಾಂಡ್ರಿಯಾದ ಉಸಿರಾಟದ ಸರಪಳಿಯ ಕೊನೇ ಕೊಂಡಿಯಲ್ಲಿ ಕೂರುತ್ತದೆ. ಆಮ್ಲಜನಕ ಬಾಗಿಲಿಗೆ ಬಂದಿದ್ದರೂ ಬಳಸುವವರಿಲ್ಲ. ಜೊತೆಗೆ ಪಿಜಿಸಿ-1 ಆಲ್ಫಾ ಅನ್ನುವ ಪ್ರೋಟೀನ್ ಕುಸಿಯುತ್ತದೆ. ಹೊಸ ಮೈಟೊಕಾಂಡ್ರಿಯಾ ಕಟ್ಟಿಸುವ ಮೇಸ್ತ್ರಿ ಅದು. 2011ರಲ್ಲಿ ಇಲಿಗಳಲ್ಲಿ ನೋಡಿದಾಗ ಕಿಡ್ನಿ ಎಷ್ಟು ಕೆಟ್ಟಿತ್ತೋ ಇದು ಅಷ್ಟೇ ಇಳಿದಿತ್ತು. ಕಿಡ್ನಿ ಚೇತರಿಸಿಕೊಂಡಾಗ ಇದೂ ಏರಿತು. ಕೊಬ್ಬು ಉರಿಯದೆ ಹನಿಹನಿಯಾಗಿ ಜೀವಕೋಶದೊಳಗೆ ಉಳಿಯುತ್ತದೆ.

ಆಗ ಜೀವಕೋಶ ಏನು ಮಾಡುತ್ತದೆ? ಖರ್ಚು ಕಡಿಮೆ ಮಾಡುತ್ತದೆ. ಗ್ಲೂಕೋಸ್ ಒಡೆದು ಸ್ವಲ್ಪ ಎಟಿಪಿ ಮಾಡಿಕೊಂಡು, ಪಂಪ್ ನಿಧಾನ ಮಾಡಿ, ಹೊಸ ಜೀವಕೋಶ ಹುಟ್ಟಿಸುವ ಕೆಲಸ ತಡೆದು, ಬದುಕಿರುವುದಕ್ಕೆ ಬೇಕಾದಷ್ಟನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಪಂಪ್ ನಿಧಾನವಾದರೆ ಉಪ್ಪು ಮುಂದಕ್ಕೆ ಹರಿಯುತ್ತದೆ. ಕೊಳವೆಯ ಮುಂದಿನ ತಿರುವಿನಲ್ಲಿ ಮ್ಯಾಕುಲಾ ಡೆನ್ಸಾ ಅನ್ನುವ ಕಾವಲುಗಾರ ಕೂತಿದ್ದಾನೆ. ಕ್ಲೋರೈಡ್ ಜಾಸ್ತಿ ಬಂದದ್ದು ಕಂಡರೆ ಸೋಸುವ ಗಂಟಿಗೆ ರಕ್ತ ತರುವ ನಾಳವನ್ನು ಬಿಗಿ ಮಾಡಿಸುತ್ತಾನೆ. ಸೋಸುವುದು ಇಳಿಯುತ್ತದೆ, ಮೂತ್ರ ನಿಲ್ಲುತ್ತದೆ.

ನನಗೆ ಇದು ಅರ್ಥವಾದ ದಿನ ಒಂದು ಥರ ಸಮಾಧಾನವಾಯಿತು. ವಾಪಸ್ ಎಳೆಯುವ ಶಕ್ತಿ ಇಲ್ಲದಿರುವಾಗ ಕಿಡ್ನಿ 180 ಲೀಟರ್ ಸೋಸುತ್ತಲೇ ಇದ್ದರೆ ಮನುಷ್ಯ ಒಂದೇ ದಿನದಲ್ಲಿ ಒಣಗಿ ಹೋಗುತ್ತಾನೆ. ಮೂತ್ರ ನಿಂತದ್ದರಲ್ಲಿ ಒಂದು ಪಾಲು ಸ್ಟಾರ್ಟರ್ ಟ್ರಿಪ್ ಆದದ್ದು. ಹಾಗಂತ ಸುಮ್ನೆ ಕೂರುವ ಹಾಗಿಲ್ಲ, ಯಾಕೆಂದರೆ ಸೋಂಕಿನ ಬೆಂಕಿ ಇನ್ನೂ ಉರಿಯುತ್ತಿದ್ದರೆ ಮಲಗಿದ ಜೀವಕೋಶ ನಿಜವಾಗಿಯೇ ಸಾಯುತ್ತದೆ.

ನಾನು ತಪ್ಪಿದ ರಾತ್ರಿ

ಜುಲೈ ತಿಂಗಳು. ಮೂರು ದಿನದಿಂದ ಬಿಡದ ಮಳೆ, ಕರೆಂಟ್ ಇಲ್ಲ, ಆಸ್ಪತ್ರೆ ಜನರೇಟರ್ ಮೇಲೆ ನಡೆಯುತ್ತಿತ್ತು. ಸಿದ್ದಾಪುರ ಕಡೆಯ ತೋಟದ ಲೈನ್ ಮನೆಯಿಂದ ಒಬ್ಬ ಹೆಂಗಸನ್ನು ಜೀಪಿನಲ್ಲಿ ಕರೆತಂದರು. ನಲವತ್ತು ದಾಟಿದ ವಯಸ್ಸು, ತೂಕ 50 ಕೆಜಿ. ಐದು ದಿನದ ಜ್ವರ. ಮೀನಖಂಡ ಮುಟ್ಟಿದರೆ ಕಿರುಚುತ್ತಿದ್ದರು. ಕಣ್ಣು ಕೆಂಪು, ಆದರೆ ಪಿಸುರಿಲ್ಲ. ಎಲ್ಲೋ ಎರಡು ದಿನ ಮೈಕೈ ನೋವಿನ ಇಂಜೆಕ್ಷನ್ ಹಾಕಿಸಿಕೊಂಡಿದ್ದರು. ಬಿಪಿ 84/50, ಉಸಿರು ನಿಮಿಷಕ್ಕೆ 28.

ಮೊದಲ ಭಾಗ ಸರಿಯಾಗಿಯೇ ಮಾಡಿದೆವು. ರಕ್ತ ತೆಗೆದು, ಸೆಫ್ಟ್ರಿಯಾಕ್ಸೋನ್ ಕೊಟ್ಟು, ಕೆಜಿಗೆ 30 ಎಂಎಲ್ ಲೆಕ್ಕದಲ್ಲಿ ಒಂದೂವರೆ ಲೀಟರ್ ರಿಂಗರ್ ಲ್ಯಾಕ್ಟೇಟ್ ಹಾಕಿ, ಸಾಲದಾದಾಗ ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಶುರು ಮಾಡಿದೆವು. ಸರಾಸರಿ ಬಿಪಿ 68ಕ್ಕೆ ಬಂತು. ಕ್ರಿಯಾಟಿನಿನ್ 1.1. ಎಲ್ಲ ಹತೋಟಿಗೆ ಬಂತು ಅಂದುಕೊಂಡೆ.

ಗಂಟೆಗಂಟೆಯ ಮೂತ್ರ ಹೀಗಿತ್ತು: 40, 22, 12, 8. ನಾನು ಆ ನಾಲ್ಕು ಸಂಖ್ಯೆ ನೋಡಿ ಇನ್ನೊಂದು ಲೀಟರ್ ಹಾಕಿದೆ. ಆಮೇಲೆ ಮತ್ತೊಂದು. ಅದೂ ನಾರ್ಮಲ್ ಸಲೈನ್, ಯಾಕೆಂದರೆ ರಿಂಗರ್ ಮುಗಿದಿತ್ತು. ಕೈ ಬೆಚ್ಚಗಿದೆ, ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಬಣ್ಣ ವಾಪಸ್ ಬರುತ್ತಿದೆ, ಕೆರೆ ತುಂಬಿದೆ ಅನ್ನುವ ಎಲ್ಲ ಗುರುತೂ ಕಣ್ಣ ಮುಂದೆ ಇತ್ತು, ಆದರೂ ನನ್ನ ಕಣ್ಣು ಚೀಲದ ಮೇಲೇ ಇತ್ತು. ಬೆಳಗಿನ ಜಾವ ನಾಲ್ಕಕ್ಕೆ ಅವರು ಎದ್ದು ಕೂತರು. ಮಲಗಿದರೆ ಉಸಿರು ಕಟ್ಟುತ್ತದೆ ಅಂದರು. ಬೆನ್ನಿಗೆ ಸ್ಟೆತ್ ಇಟ್ಟರೆ ಎರಡೂ ಕಡೆ ಚರಚರ ಸದ್ದು. ಕಿಡ್ನಿಗೆ ಅಂತ ನಾನು ಹಾಕಿದ ನೀರು ಶ್ವಾಸಕೋಶಕ್ಕೆ ಹೋಗಿತ್ತು. ನೀರು ತುಂಬಿ ಕಿಡ್ನಿಯೂ ಊದಿಕೊಳ್ಳುತ್ತದೆ. ಗಟ್ಟಿ ಚೀಲದೊಳಗೆ ಇರುವ ಅಂಗ ಅದು, ಊದಿದರೆ ಒಳಗಿನ ಒತ್ತಡ ಏರಿ ಇನ್ನೂ ಕೆಡುತ್ತದೆ.

ಈಗ ನಾನು ನೋಡುವ ಕ್ರಮ

ಬಿಪಿ ಮೊದಲು. ಸರಾಸರಿ ಒತ್ತಡ 65 ಇದೆಯಾ ಅಂತ ನೋಡಿ. ಕೆಳಗಿನ ಸಂಖ್ಯೆಯ ಎರಡು ಪಟ್ಟಿಗೆ ಮೇಲಿನದನ್ನು ಕೂಡಿಸಿ ಮೂರರಿಂದ ಭಾಗಿಸಿದರೆ ಬರುತ್ತದೆ. ಇಲ್ಲದಿದ್ದರೆ ಸೆಂಟ್ರಲ್ ಲೈನ್ ಬರಲಿ ಅಂತ ಕಾಯಬೇಡಿ. ಕೈಯ ಒಳ್ಳೆಯ ರಕ್ತನಾಳದಲ್ಲಿ ನಾರ್‌ಅಡ್ರಿನಲಿನ್ ಶುರು ಮಾಡಬಹುದು ಅಂತ 2021ರ ಸೆಪ್ಸಿಸ್ ಮಾರ್ಗಸೂಚಿಯೇ ಹೇಳುತ್ತದೆ. ಸೂಜಿ ಹಾಕಿದ ಜಾಗವನ್ನು ಆಗಾಗ ನೋಡುತ್ತಿರಬೇಕು ಅಷ್ಟೇ.

ಆಮೇಲೆ, ಕೆರೆಯಲ್ಲಿ ನೀರಿದೆಯಾ? ಎರಡೂ ಕಾಲು ಎತ್ತಿ ಹಿಡಿದು ನಾಡಿಯ ರಭಸ ಹೆಚ್ಚುತ್ತದಾ ನೋಡಿ. ಉಗುರು ಒತ್ತಿ ಬಿಡಿ. ಮೂರು ಸೆಕೆಂಡಿಗಿಂತ ತಡವಾದರೆ ರಕ್ತ ಇನ್ನೂ ಸರಿಯಾಗಿ ತಲುಪುತ್ತಿಲ್ಲ. ಇದು ಬಡವರ ಪರೀಕ್ಷೆ ಅಂತ ಕಡೆಗಣಿಸಬೇಡಿ. 2019ರಲ್ಲಿ ದಕ್ಷಿಣ ಅಮೆರಿಕದ ಆಸ್ಪತ್ರೆಗಳಲ್ಲಿ ಉಗುರಿನ ಬಣ್ಣ ನೋಡಿ ಚಿಕಿತ್ಸೆ ನಡೆಸಿದ್ದು ರಕ್ತದ ಲ್ಯಾಕ್ಟೇಟ್ (ಗ್ಲೂಕೋಸ್ ಒಡೆದಾಗ ಉಳಿಯುವ ಅಂಶ) ನೋಡಿ ನಡೆಸಿದ್ದಕ್ಕಿಂತ ಹಿಂದೆ ಬೀಳಲಿಲ್ಲ. ಉಗುರು ಸರಿ, ಬಿಪಿ ಸರಿ, ಮೂತ್ರ ಮಾತ್ರ ಇಲ್ಲ ಅಂದರೆ ಅಲ್ಲಿಗೆ ಡ್ರಿಪ್ ನಿಲ್ಲಿಸಿ. ದೋಷ ಪೈಪಿನಲ್ಲಿಲ್ಲ, ಮೋಟಾರಿನ ಕರೆಂಟಿನಲ್ಲಿದೆ.

ಡ್ರಿಪ್ ಬೇಕೇ ಬೇಕಾದರೆ ಸಲೈನ್‌ಗಿಂತ ರಿಂಗರ್ ಒಳ್ಳೆಯದು. ಸಲೈನ್‌ನಲ್ಲಿ ಲೀಟರಿಗೆ 154 ಕ್ಲೋರೈಡ್ ಇದೆ, ಆ ಕಾವಲುಗಾರನನ್ನು ಕೆಣಕುವುದು ಕ್ಲೋರೈಡೇ. ರಿಂಗರ್‌ನಲ್ಲಿ ಪೊಟ್ಯಾಸಿಯಂ ಇದೆಯಲ್ಲ ಅಂತ ಹೆದರುವವರಿದ್ದಾರೆ. ಲೀಟರಿಗೆ 4 ಇದೆ, ಹೆಚ್ಚುಕಡಿಮೆ ರಕ್ತದಲ್ಲಿ ಇರುವಷ್ಟೇ.

ಲ್ಯಾಕ್ಟೇಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 4 ಅಂತ ಬಂದ ಕೂಡಲೇ ಆಮ್ಲಜನಕ ಸಾಲುತ್ತಿಲ್ಲ ಅಂತ ನಾವು ಓದುತ್ತೇವೆ. ಯಾವಾಗಲೂ ಹಾಗಲ್ಲ. ಸೆಪ್ಸಿಸ್‌ನಲ್ಲಿ ಅಡ್ರಿನಲಿನ್ ಹೊಡೆತಕ್ಕೆ ಸ್ನಾಯುಗಳು ಗ್ಲೂಕೋಸನ್ನು ಬಡಬಡ ಒಡೆದು ಲ್ಯಾಕ್ಟೇಟ್ ಸುರಿಯುತ್ತವೆ. ಕಿಡ್ನಿ ಆರೋಗ್ಯವಾಗಿದ್ದಾಗ ಲ್ಯಾಕ್ಟೇಟ್ ಎತ್ತಿಕೊಂಡು ಮತ್ತೆ ಗ್ಲೂಕೋಸ್ ಮಾಡುತ್ತದೆ, ಮಲಗಿದ ಕಿಡ್ನಿ ಅದನ್ನೂ ಬಿಡುತ್ತದೆ. ಹಾಗಾಗಿ ಒಂದು ಸಂಖ್ಯೆ ನೋಡಬೇಡಿ, ಎರಡು ಗಂಟೆ ಬಿಟ್ಟು ಇನ್ನೊಂದು ನೋಡಿ. ಏರುತ್ತಲೇ ಇದ್ದರೆ ಎಲ್ಲೋ ಕೀವು ಉಳಿದಿದೆ, ಕರುಳಿಗೆ ರಕ್ತ ಹೋಗುತ್ತಿಲ್ಲ, ಇಲ್ಲವೇ ಬೇರೆ ಏನೋ ಇದೆ. ಬೇರೆ ಏನೋ ಅಂದರೆ ಮುಖ್ಯವಾಗಿ ಎರಡು. ಒಂದು ಮೆಟ್‌ಫಾರ್ಮಿನ್. ಶುಗರ್ ರೋಗಿ ಜ್ವರದಲ್ಲೂ ಅದನ್ನು ನುಂಗುತ್ತಲೇ ಇರುತ್ತಾರೆ, ಕಿಡ್ನಿ ನಿಂತಾಗ ಅದು ಮೈಯಲ್ಲಿ ಉಳಿದು ಮೈಟೊಕಾಂಡ್ರಿಯಾದ ಮೊದಲ ಕೊಂಡಿಯನ್ನೇ ಹಿಡಿಯುತ್ತದೆ. ಇನ್ನೊಂದು ಥಯಾಮಿನ್, ಅಂದರೆ ವಿಟಮಿನ್ ಬಿ1, ಕೊರತೆ. ದಿನಾ ಕುಡಿಯುವವರು, ಎರಡು ವಾರದಿಂದ ಸರಿಯಾಗಿ ಉಣ್ಣದವರು ಇವರಲ್ಲಿ ಥಯಾಮಿನ್ ಇಲ್ಲದೆ ಸಕ್ಕರೆಯ ಇಂಧನ ಮೈಟೊಕಾಂಡ್ರಿಯಾದ ಬಾಗಿಲು ದಾಟುವುದೇ ಇಲ್ಲ. ಕೊಟ್ಟರೆ ಖರ್ಚು ಕಡಿಮೆ, ಅಪಾಯ ಇಲ್ಲವೆನ್ನುವಷ್ಟು. ನಾನು ಇಂಥವರಿಗೆ ತಡ ಮಾಡದೆ ಕೊಡುತ್ತೇನೆ.

ಔಷಧಿ ಚೀಟಿ ತೆಗೆದು ಒಂದೊಂದೇ ಸಾಲು ಓದಿ. ಡೈಕ್ಲೋಫೆನ್ಯಾಕ್, ಐಬುಪ್ರೊಫೆನ್ ಥರದ ನೋವಿನ ಔಷಧಿ ಇದ್ದರೆ ಹೊಡೆದು ಹಾಕಿ. ಬಿಪಿಗೆ ಎನಲಾಪ್ರಿಲ್, ಟೆಲ್ಮಿಸಾರ್ಟನ್ ತೆಗೆದುಕೊಳ್ಳುತ್ತಿದ್ದರೆ ಸದ್ಯಕ್ಕೆ ನಿಲ್ಲಿಸಿ. ಜೆಂಟಾಮೈಸಿನ್, ಅಮಿಕಾಸಿನ್ ಆಂಟಿಬಯೋಟಿಕ್‌ಗಳು ಬೇರೆ ದಾರಿ ಇದ್ದರೆ ಬೇಡ. ಅವು ಹೋಗಿ ಸೇರಿಕೊಳ್ಳುವುದು ಅದೇ ಮೊದಲ ತಿರುವಿನ ಜೀವಕೋಶದೊಳಗೆ, ಕೆಡಿಸುವುದು ಅದೇ ಮೈಟೊಕಾಂಡ್ರಿಯಾವನ್ನು. ಬಿದ್ದವನಿಗೆ ಇನ್ನೊಂದು ಒದೆ ಕೊಟ್ಟ ಹಾಗೆ.

ಮೂತ್ರದ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗೆ ನೀವೇ ನೋಡಿ. ಕೆಸರು ಬಣ್ಣದ ಹರಳುಹರಳಾದ ಕೊಳವೆ ಅಚ್ಚುಗಳು ತುಂಬಾ ಕಂಡರೆ ಟ್ಯೂಬ್ಯೂಲ್‌ಗೆ ನಿಜವಾಗಿ ಪೆಟ್ಟಾಗಿದೆ. ರಕ್ತದ ಸಕ್ಕರೆ ಸರಿಯಿದ್ದೂ ಮೂತ್ರದಲ್ಲಿ ಅದ್ದಿದ ಪರೀಕ್ಷೆಯ ಪಟ್ಟಿಯಲ್ಲಿ ಸಕ್ಕರೆ ಬಂದರೆ ಮೊದಲ ತಿರುವು ಎಳೆದುಕೊಳ್ಳುತ್ತಿಲ್ಲ ಅಂತ ಅರ್ಥ.

ಮೂತ್ರ ಹೆಚ್ಚಿಸುವ ಔಷಧಿ ಲೇಸಿಕ್ಸ್ ಬಗ್ಗೆ. ಮೂತ್ರ ಬರಲಿ ಅಂತ ಗಂಟೆಗೊಂದು ಆಂಪ್ಯೂಲ್ ಹೊಡೆಯುವುದು ರಿಲೇ ಬೈಪಾಸ್ ಮಾಡಿದಂತೆ, ಅದರಿಂದ ಕಿಡ್ನಿ ವಾಸಿಯಾಗುವುದಿಲ್ಲ. ಆದರೆ ಒಂದು ಸಲ, ಪರೀಕ್ಷೆಯಾಗಿ, ಅದು ತುಂಬಾ ಉಪಯೋಗದ್ದು. ಮೈಯಲ್ಲಿ ನೀರು ಕಡಿಮೆ ಇಲ್ಲ ಅಂತ ಖಾತ್ರಿಯಾದ ಮೇಲೆ ಕೆಜಿಗೆ 1 ಎಂಜಿ ಕೊಡಿ, ವಾರದೊಳಗೆ ಮೊದಲೇ ತೆಗೆದುಕೊಂಡಿದ್ದರೆ 1.5. ಎರಡು ಗಂಟೆ ಕಾಯಿರಿ. 200 ಎಂಎಲ್ ಕೂಡ ಬರದಿದ್ದರೆ ಈ ಕಿಡ್ನಿ ಇನ್ನೂ ಕೆಳಗೆ ಹೋಗುವ ಸಾಧ್ಯತೆ ಜಾಸ್ತಿ. ಯಾಕೆ ಗೊತ್ತಾ? ಈ ಔಷಧಿ ರಕ್ತದಿಂದ ಸೋಸಿಕೊಂಡು ಕೊಳವೆಗೆ ಬರುವುದಿಲ್ಲ. ಅದೇ ಪ್ರಾಕ್ಸಿಮಲ್ ಜೀವಕೋಶ ತನ್ನ ಶಕ್ತಿ ಖರ್ಚು ಮಾಡಿ ಅದನ್ನು ಕೊಳವೆಯೊಳಗೆ ಹಾಕಬೇಕು. ಔಷಧಿ ಕೆಲಸ ಮಾಡಿದರೆ ಅಲ್ಲಿ ಇನ್ನೂ ಸ್ವಲ್ಪ ಕರೆಂಟ್ ಇದೆ. 2013ರಲ್ಲಿ ಈ ಪರೀಕ್ಷೆ ಬಂದಾಗಿನಿಂದ ನಮ್ಮಂಥ ಕಡೆಗೆ ಇದಕ್ಕಿಂತ ಅಗ್ಗದ ಟೆಸ್ಟರ್ ಇನ್ನೊಂದಿಲ್ಲ ಅನ್ನಿಸಿದೆ.

ನಮ್ಮ ಕಡೆ ಸೋಂಕು ಎಲ್ಲಿಂದ

ಬೆಂಕಿ ಆರದೆ ಕರೆಂಟ್ ವಾಪಸ್ ಬರುವುದಿಲ್ಲ. ನ್ಯುಮೋನಿಯಾ, ಮೂತ್ರದ ಸೋಂಕು, ಪಿತ್ತಕೋಶ, ಶುಗರ್ ರೋಗಿಯ ಕಾಲು, ಇವು ಎಲ್ಲ ಕಡೆಯೂ ಇವೆ. ಮಳೆಗಾಲದ ಕೊಡಗಿನಲ್ಲಿ ಇನ್ನೆರಡನ್ನು ಮರೆಯಬಾರದು.

ಒಂದು ಇಲಿ ಜ್ವರ. ಗದ್ದೆ ನಾಟಿ, ತೋಟದ ಚರಂಡಿ ಕೆಲಸ, ಬರಿಗಾಲು, ಕಾಲಿನಲ್ಲಿ ಒಂದು ಸಣ್ಣ ಗಾಯ ಇದ್ದರೆ ಸಾಕು. ಮೀನಖಂಡದ ನೋವು, ಕೆಂಪು ಕಣ್ಣು, ಹಳದಿ ಬಣ್ಣ. ಈ ರೋಗಾಣುವಿನ ಮೈಯ ಒಂದು ಅಂಶ ಸೋಡಿಯಂ ಪಂಪನ್ನೇ ನೇರವಾಗಿ ಹಿಡಿದು ನಿಲ್ಲಿಸುತ್ತದೆ. ಎಟಿಪಿ ಇದ್ದರೂ ಪಂಪ್ ಓಡುವುದಿಲ್ಲ. ಅದಕ್ಕೇ ಇದರಲ್ಲಿ ಹಲವು ಸಲ ಮೂತ್ರ ಚೆನ್ನಾಗಿಯೇ ಹೋಗುತ್ತಿರುತ್ತದೆ, ಕ್ರಿಯಾಟಿನಿನ್ ಏರುತ್ತಿರುತ್ತದೆ, ಪೊಟ್ಯಾಸಿಯಂ ಮಾತ್ರ ಕಡಿಮೆ. ಕಿಡ್ನಿ ಕೆಟ್ಟವರಲ್ಲಿ ಪೊಟ್ಯಾಸಿಯಂ ಏರಬೇಕು, ಇಲ್ಲಿ ಇಳಿದಿದೆ ಅಂದರೆ ಇಲಿ ಜ್ವರವನ್ನು ನೆನೆಯಿರಿ. ನಮ್ಮ ರೋಗಿಯದು 3.3 ಇತ್ತು. ಆ ರಾತ್ರಿ ಅದನ್ನು ನೋಡಿ ಸಮಾಧಾನ ಪಟ್ಟುಕೊಂಡೆ, ಸುಳಿವು ಅಂತ ಓದಲಿಲ್ಲ.

ಇನ್ನೊಂದು ಸ್ಕ್ರಬ್ ಟೈಫಸ್, ಪೊದೆಯ ಸಣ್ಣ ಹುಳ ಕಚ್ಚಿ ಬರುವ ಜ್ವರ. ಪೂರ್ತಿ ಬಟ್ಟೆ ಸರಿಸಿ ನೋಡದೆ ಇದು ಸಿಗುವುದಿಲ್ಲ. ಕಂಕುಳು, ತೊಡೆಸಂದು, ಎದೆಯ ಕೆಳಗೆ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ ಇದ್ದರೆ ಡಾಕ್ಸಿಸೈಕ್ಲಿನ್ ಕೊಡಿ, ರಿಪೋರ್ಟ್ ಬರುವವರೆಗೆ ಕಾಯಬೇಡಿ. ಸೆಫ್ಟ್ರಿಯಾಕ್ಸೋನ್ ಇದಕ್ಕೆ ಕೆಲಸ ಮಾಡುವುದಿಲ್ಲ. ಮಳೆಗಾಲದಲ್ಲಿ ಬಂದ ಇಂಥ ಜ್ವರಕ್ಕೆ ನಾನು ಈಗ ಎರಡನ್ನೂ ಸೇರಿಸಿಯೇ ಶುರು ಮಾಡುತ್ತೇನೆ.

ಕಿಡ್ನಿಗೆ ಟಾನಿಕ್ ಕೊಡಬಹುದಾ?

ಮನೆಯವರು ಕೇಳುತ್ತಾರೆ, ನಾವೂ ಆಸೆ ಪಡುತ್ತೇವೆ. ಕಡಿಮೆ ಡೋಸ್ ಡೋಪಮಿನ್ ಕಿಡ್ನಿ ಉಳಿಸುತ್ತದೆ ಅನ್ನುವುದು 2000ರಲ್ಲೇ ಬಿದ್ದುಹೋದ ನಂಬಿಕೆ. ಕೊಬ್ಬು ಉರಿಸಲು ಬೇಕಾದ ಕಾರ್ನಿಟಿನ್ ಅನ್ನು ಸೆಪ್ಟಿಕ್ ಶಾಕ್‌ನಲ್ಲಿ ಕೊಟ್ಟು ನೋಡಿದ್ದಾರೆ, 2018ರ ಆ ಪರೀಕ್ಷೆಯಲ್ಲಿ ಸಾವು ಕಡಿಮೆಯಾಗಲಿಲ್ಲ. ಮೈಟೊಕಾಂಡ್ರಿಯಾಕ್ಕೆ ಬೇಕಾದ ಎನ್‌ಎಡಿ ಸೆಪ್ಸಿಸ್‌ನಲ್ಲಿ ಇಳಿಯುತ್ತದೆ, ಅದನ್ನು ವಿಟಮಿನ್ ಬಿ3ಯ ಒಂದು ರೂಪದಿಂದ ಏರಿಸುವ ಪ್ರಯತ್ನ ನಡೆದಿದೆ. ನನಗೆ ಅದರ ಮೇಲೆ ಆಸೆ ಇದೆ, ಆದರೆ ವಾರ್ಡಿನಲ್ಲಿ ಬಳಸುವಷ್ಟು ಆಧಾರ ಇನ್ನೂ ಇಲ್ಲ. ಹಾಗಾಗಿ ದುಬಾರಿ ಕಿಡ್ನಿ ಕ್ಯಾಪ್ಸೂಲ್ ಬರೆದು ಬಡವರ ಜೇಬು ಖಾಲಿ ಮಾಡಬೇಡಿ. ಆ ದುಡ್ಡು ಆಂಬುಲೆನ್ಸಿಗೆ ಬೇಕಾಗುತ್ತದೆ.

ಯಾವಾಗ ಕಳಿಸಬೇಕು

ಡಯಾಲಿಸಿಸ್ ಬೇಗ ಶುರು ಮಾಡಿದರೆ ಒಳ್ಳೆಯದು ಅನ್ನುವುದು ಕೇಳುವುದಕ್ಕೆ ಸರಿ ಅನ್ನಿಸುತ್ತದೆ. ಆದರೆ 2018ರಲ್ಲಿ ಸೆಪ್ಟಿಕ್ ಶಾಕ್ ರೋಗಿಗಳಲ್ಲೇ ನಡೆದ ಐಡಿಯಲ್-ಐಸಿಯು ಪರೀಕ್ಷೆ, 2020ರ ಸ್ಟಾರ್ಟ್-ಎಕೆಐ ಪರೀಕ್ಷೆ ಎರಡರಲ್ಲೂ ಬೇಗ ಮಾಡಿದವರಿಗೆ ಲಾಭ ಕಾಣಲಿಲ್ಲ. ಕಾದವರಲ್ಲಿ ಕೆಲವರ ಕಿಡ್ನಿ ತಾನಾಗಿಯೇ ಎದ್ದಿತು. ಜೀವಕೋಶ ಸತ್ತಿಲ್ಲ, ಮಲಗಿದೆ ಅನ್ನುವುದಕ್ಕೆ ಇದು ಹೊಂದಿಕೊಳ್ಳುತ್ತದೆ. ಡಯಾಲಿಸಿಸ್ ಬೇಕಾಗುವುದು ಔಷಧಿಗೆ ಬಗ್ಗದೆ ಪೊಟ್ಯಾಸಿಯಂ 6 ದಾಟಿ ಏರುತ್ತಿದ್ದಾಗ, ಶ್ವಾಸಕೋಶದಲ್ಲಿ ನೀರು ತುಂಬಿದಾಗ, ರಕ್ತದ ಪಿಎಚ್ 7.15ರ ಹತ್ತಿರ ಇಳಿದಾಗ, ಕಿಡ್ನಿ ಹೊರಹಾಕದ ವಿಷ ರಕ್ತದಲ್ಲಿ ಏರಿ ಪ್ರಜ್ಞೆ ಮಂಕಾದಾಗ.

ಆದರೆ ಡಯಾಲಿಸಿಸ್‌ಗೆ ಕಾಯುವುದು ಬೇರೆ, ಕಳಿಸುವುದಕ್ಕೆ ಕಾಯುವುದು ಬೇರೆ. ಕಾಯುವುದಾದರೆ ಡಯಾಲಿಸಿಸ್ ಇರುವ ಕಡೆಯೇ ಕೂತು ಕಾಯಬೇಕು. ಮಡಿಕೇರಿಯಿಂದ ಮೈಸೂರು 120 ಕಿಲೋಮೀಟರ್ ಹತ್ತಿರ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಸಂಪಾಜೆ ಕಡೆಯ ದಾರಿಯೇ ಕಡಿದು ಹೋದದ್ದನ್ನು ನಾವು ಯಾರೂ ಮರೆತಿಲ್ಲ. ಹಾಗಾಗಿ ನಾನು ಇಟ್ಟುಕೊಂಡ ಗೆರೆ ಇದು: ಬಿಪಿ ಸರಿಯಾದ ಮೇಲೂ 6 ಗಂಟೆ ಮೂತ್ರ ಗೆರೆಗಿಂತ ಕೆಳಗಿದ್ದು, ಲೇಸಿಕ್ಸ್ ಪರೀಕ್ಷೆಯಲ್ಲೂ ಸೋತರೆ, ಪೊಟ್ಯಾಸಿಯಂ ಚೆನ್ನಾಗಿರುವಾಗಲೇ ಹೊರಡಿಸುವುದು. ಚೀಟಿಯಲ್ಲಿ ಗಂಟೆಗಂಟೆಯ ಮೂತ್ರ, ಹಾಕಿದ ಒಟ್ಟು ಡ್ರಿಪ್, ಕೊಟ್ಟ ಆಂಟಿಬಯೋಟಿಕ್‌ನ ಸಮಯ ಬರೆಯುವುದು. ಸುಮ್ನೆ "ಕಿಡ್ನಿ ಫೇಲ್, ರೆಫರ್" ಅಂತ ಬರೆದರೆ ಆ ಕಡೆಯವರು ಮತ್ತೆ ಮೊದಲಿನಿಂದ ಹುಡುಕಬೇಕು.

ಕರೆಂಟ್ ವಾಪಸ್ ಬಂದಾಗ

ಸೋಂಕು ಹಿಡಿತಕ್ಕೆ ಬಂದ ಮೇಲೆ ಜೀವಕೋಶ ಕೆಟ್ಟ ಮೈಟೊಕಾಂಡ್ರಿಯಾವನ್ನು ತಾನೇ ಕರಗಿಸಿ ಗುಡಿಸುತ್ತದೆ, ಆ ಮೇಸ್ತ್ರಿ ಪ್ರೋಟೀನ್ ಮತ್ತೆ ಏರಿ ಹೊಸದನ್ನು ಕಟ್ಟಿಸುತ್ತದೆ. ಸೋಸುವ ಕೆಲಸ ಮೊದಲು ಶುರುವಾಗಿ, ಎಳೆದುಕೊಳ್ಳುವ ಕೆಲಸ ಆಮೇಲೆ ಸುಧಾರಿಸುವುದೂ ಉಂಟು. ಆಗ ಒಂದೇ ದಿನ ಮೂರು ನಾಲ್ಕು ಲೀಟರ್ ಮೂತ್ರ ಹೋಗಬಹುದು. ವಾರ್ಡಿನಲ್ಲಿ ಎಲ್ಲರೂ ಖುಷಿ ಪಡುತ್ತಾರೆ, ಆದರೆ ಪೊಟ್ಯಾಸಿಯಂ, ಮೆಗ್ನೀಸಿಯಂ ಅದರ ಜೊತೆ ಕೊಚ್ಚಿಹೋಗುವುದು ಈಗಲೇ. ದಿನಾ ನೋಡಿ.

ಆ ಹೆಂಗಸನ್ನು ಬೆಳಗ್ಗೆ ಆರಕ್ಕೆ ಆಮ್ಲಜನಕ ಹಾಕಿ ಕಳಿಸಿದೆವು. ಅಲ್ಲಿ ಎರಡು ಸಲ ಡಯಾಲಿಸಿಸ್ ಆಯಿತು, ಹನ್ನೊಂದನೇ ದಿನ ಮೂತ್ರ ತೆರೆಯಿತು. ಮೂರು ತಿಂಗಳಿಗೆ ಮತ್ತೆ ಬರಲು ಹೇಳಿದ್ದೆ, ಯಾಕೆಂದರೆ ಪೂರ್ತಿ ಸರಿಯಾಗದ ಕೊಳವೆ ನಿಧಾನಕ್ಕೆ ಗಂಟುಗಟ್ಟಿ ವರ್ಷಗಳ ನಂತರ ಕಿಡ್ನಿ ಸೊರಗುವುದಿದೆ. ಅವರು ಬಂದದ್ದು ಐದು ತಿಂಗಳಿಗೆ, ಕಾಫಿ ಕುಯ್ಲಿನ ನಡುವೆ ಒಂದು ದಿನ ಬಿಡುವು ಮಾಡಿಕೊಂಡು. ಕ್ರಿಯಾಟಿನಿನ್ 1.2, ಮೂತ್ರದಲ್ಲಿ ಪ್ರೋಟೀನ್ ಇಲ್ಲ. ಬೆರಳೆಲ್ಲ ಕಾಫಿ ಹಣ್ಣಿನ ಅಂಟು. ಸೊಂಟ ನೋಯುತ್ತದೆ, ಒಂದು ಇಂಜೆಕ್ಷನ್ ಕೊಡಿ ಅಂದರು. ಪ್ಯಾರಾಸಿಟಮಾಲ್ ಕೊಟ್ಟು, ನೋವಿನ ಇಂಜೆಕ್ಷನ್ ಇನ್ನು ಯಾರು ಕೊಟ್ಟರೂ ಬೇಡ ಅನ್ನಿ ಅಂತ ಅವರ ಚೀಟಿಯ ಮೇಲೆ ಕೆಂಪು ಪೆನ್ನಿನಲ್ಲಿ ಬರೆದು ಕೊಟ್ಟೆ.